ಕಂಠಪಾಠವೂ ಮಾತೂ



ನುಡಿ ಎಂಥದಿರಬೇಕೆಂಬುದನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನವೊಂದು ನಮ್ಮ ನಾಡಿನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದರ ಮೇಲೆ ನಾನು ಎಷ್ಟು ಸಲ ಬರೆದಿದ್ದೇನೆ, ಎಷ್ಟು ಸಲ ಉಪನ್ಯಾಸ ಕೊಟ್ಟಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಈ ಸಲ ಆ ವಚನದ ಅರ್ಥ ಬಿಡಿಸಲು ಕುಳಿತಿಲ್ಲ. ಅದನ್ನು ನನಗೆ ಕಲಿಸಿದ ಗುರುಗಳು ಮಾತು ಕಳೆದುಕೊಂಡ ಬಗೆ, ಅದರಲ್ಲಿ ಒಂದಿಷ್ಟನ್ನು ಮರಳಿ ಪಡೆದ ಬಗೆ, ಆ ನಡುವೆ ನನ್ನ ಕೈಯಿಂದಲೇ ಆದ ಒಂದು ಪ್ರಮಾದ, ಇವಿಷ್ಟನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

ನಮ್ಮ ಗುರುಗಳು ದಕ್ಷಿಣ ಕನ್ನಡದ ರಾಮಕುಂಜದವರು. ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವಾಗ ಆತೂರಿನ ಆಸುಪಾಸಿನಲ್ಲಿ ಸಿಗುವ, ಅಡಕೆ ತೋಟಗಳ ಊರು ಅದು. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರೆಂದು ಬಹಳ ಜನ ಬಲ್ಲರು. ಅಲ್ಲಿಂದ ಹೊರಟ ಗುರುಗಳು ಹಾವೇರಿ ಸೀಮೆಯ ನಮ್ಮ ಹಳ್ಳಿಯ ಪ್ರೌಢಶಾಲೆಗೆ ಕನ್ನಡ ಮೇಷ್ಟ್ರಾಗಿ ಬಂದು, ನಿವೃತ್ತಿಯವರೆಗೂ ನಮ್ಮ ಕಡೆಯಲ್ಲೇ ಇದ್ದರು. ಅವರ ಮನೆಮಾತು ತುಳು. ತರಗತಿಯಲ್ಲಿ ಶುದ್ಧ ಗ್ರಾಂಥಿಕ ಕನ್ನಡ. ಸಿಟ್ಟು ಬಂದಾಗ ಮಾತ್ರ "ಎಂತ ಮಾರಾಯ ನಿನ್ನದು!" ಎಂದು ಕರಾವಳಿಯ ಕನ್ನಡ ಹೊರಬೀಳುತ್ತಿತ್ತು. ನಾವು ಹುಡುಗರು ಬೆಂಚಿನ ಕೆಳಗೆ ತಲೆಯಿಟ್ಟು ನಗುತ್ತಿದ್ದೆವು. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ಅವರು ವಚನ ಓದಿಸುತ್ತಿದ್ದ ಕ್ರಮ ಇಂದಿಗೂ ನನ್ನ ಕಿವಿಯಲ್ಲಿದೆ. ನಾನು ಕನ್ನಡ ಎಂ.ಎ. ಓದಿದ್ದಕ್ಕೂ ಮಠದ ಗ್ರಂಥ ಕೆಲಸಕ್ಕೆ ಸೇರಿದ್ದಕ್ಕೂ ಆ ತಾಳವೇ ಕಾರಣವೆಂದರೆ ಉತ್ಪ್ರೇಕ್ಷೆಯಲ್ಲ.

2023ರ ಜೂನ್ ತಿಂಗಳಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ನಮ್ಮ ಕಡೆ ಲಕ್ವ ಎನ್ನುತ್ತೇವೆ. ಮಿದುಳಿನ ಎಡಭಾಗಕ್ಕೆ ಪೆಟ್ಟು. ಬಲಗೈ, ಬಲಗಾಲು ಸೋತವು, ಮಾತು ನಿಂತಿತು. ಮೂರು ವಾರಗಳ ನಂತರ ನಾನು ರಾಮಕುಂಜ ತಲುಪಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದು ನಾಲ್ಕು ದಿನವಾಗಿತ್ತು. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ನಳಿಕೆಯನ್ನೂ ತೆಗೆದಿದ್ದರು. ಜಡಿಮಳೆ. ಚಾವಡಿಯ ಮಂಚದ ಮೇಲೆ ಗುರುಗಳು ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು ಕಣ್ಣು ತುಂಬಿಕೊಂಡರು. ಹೆಸರು ಹೇಳಲು ಬಾಯಿ ತೆರೆದರು, ಬರಲಿಲ್ಲ.

ಏನು ಮಾಡಬೇಕೆಂದು ತೋಚದೆ ನಾನು ಅವರು ಕಲಿಸಿದ ಅದೇ ವಚನವನ್ನು ಅದೇ ಧಾಟಿಯಲ್ಲಿ ಆರಂಭಿಸಿದೆ. ಎರಡನೆಯ ಪದಕ್ಕೆ ಅವರ ತುಟಿ ಅಲುಗಿತು. ಮೂರನೆಯದಕ್ಕೆ ಧ್ವನಿ ಕೂಡಿತು. ಕೊನೆಯ ಅಂಕಿತದವರೆಗೂ ನನ್ನ ಜೊತೆ ತೊದಲುತ್ತ ಹೇಳಿಯೇ ಮುಗಿಸಿದರು! ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಸೊಸೆ ಬೆಂಗಳೂರಿನಲ್ಲಿದ್ದ ಗಂಡನಿಗೆ ಫೋನು ಮಾಡಿದರು. ನಾನು ಅಂಗಳದ ಅಂಚಿಗೆ ಹೋಗಿ, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು, ಮಠಕ್ಕೆ ಸುದ್ದಿ ತಿಳಿಸಿದೆ: ಗುರುಗಳಿಗೆ ಮಾತು ಬಂತು, ವಚನವೇ ತಂದುಕೊಟ್ಟಿತು ಎಂದು.

ಒಳಗೆ ಬಂದಾಗ ಗುರುಗಳು ಏನನ್ನೋ ಕೇಳಲು ಹವಣಿಸುತ್ತಿದ್ದರು. ಬಾಯಿ ತೆರೆದರೆ ವಚನದ ಮೊದಲ ಪದವೇ ಮತ್ತೆ ಬಂತು. ತಲೆ ಅಲ್ಲಾಡಿಸಿದರು. ಮತ್ತೆ ಪ್ರಯತ್ನಿಸಿದರು, ಮತ್ತೆ ಅದೇ ಪದ. ಕೊನೆಗೆ ಎಡಗೈಯಿಂದ ತಂಬಿಗೆಯ ಕಡೆ ತೋರಿಸಿದರು. ಇಡೀ ವಚನ ಹೇಳಿದ ಬಾಯಿಗೆ ನೀರು ಎಂಬ ಎರಡಕ್ಷರ ಸಿಗಲಿಲ್ಲ. ಅಮ್ಮ ಒಳಗಿದ್ದರು. ಮಠದಲ್ಲಿ ಬಂದವರಿಗೆ ಮೊದಲು ನೀರು ಕೊಟ್ಟು ರೂಢಿಯಾದ ಕೈ ನನ್ನದು. ತಂಬಿಗೆ ಎತ್ತಿ, ಅವರ ತಲೆಯನ್ನು ಹಿಂದಕ್ಕೆ ಆನಿಸಿ, ತುಟಿಗೆ ತಾಗಿಸದೆ ನಾವು ಎತ್ತಿ ಕುಡಿಯುವಂತೆಯೇ ಬಾಯಿಗೆ ನೀರು ಹೊಯ್ದೆ. ಎರಡು ಗುಟುಕು. ಸಣ್ಣಗೆ ಕೆಮ್ಮಿದರು. ಆಮೇಲೆ ಅವರ ಧ್ವನಿ ನೀರಿನಲ್ಲಿ ಅದ್ದಿದಂತೆ ಗೊರಗೊರ ಎನ್ನುತ್ತಿತ್ತು. ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಸಂಜೆಯೊಳಗೆ ಇನ್ನೂ ಎರಡು ಸಲ ಕೊಟ್ಟೆ.

ಮೂರನೆಯ ದಿನ ಜ್ವರ ಏರಿತು, ಉಸಿರು ಮೇಲಾಯಿತು. ಮಂಗಳೂರಿಗೆ ಕರೆದೊಯ್ದಾಗ ನ್ಯುಮೋನಿಯಾ ಎಂದರು. ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸಕೋಶಕ್ಕೆ ಇಳಿದು ಆದದ್ದು. ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಅದರಲ್ಲಿ ಎರಡು ರಾತ್ರಿ ಏನಾಗುವುದೋ ಹೇಳಲಾಗದೆಂದು ವೈದ್ಯರೇ ಕೈಚೆಲ್ಲಿದ್ದರು.

ಮೊದಲ ಆಸ್ಪತ್ರೆಯವರು ಮನೆಗೆ ಕಳುಹಿಸುವಾಗ ಒಂದು ಹಾಳೆ ಕೊಟ್ಟಿದ್ದರಂತೆ. ತೆಳು ದ್ರವ ಯಾವುದನ್ನೂ ಕೊಡಬಾರದು ಎಂಬ ಸಾಲಿನ ಕೆಳಗೆ ಗೆರೆ ಎಳೆದಿತ್ತು. ಎಲ್ಲವೂ ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷು ಬಾರದು. ಹಾಳೆ ಔಷಧಿ ಚೀಲದ ತಳದಲ್ಲಿತ್ತು. ಆ ಹಾಳೆಯನ್ನು ಓದಬಲ್ಲವನಾಗಿದ್ದ ನಾನು ಹಳೆಯ ಓಲೆಗರಿಯ ಪಾಠಾಂತರ ನೋಡುವವನು; ಚೀಲದಲ್ಲಿದ್ದ ಕಾಗದ ನೋಡಲಿಲ್ಲ. ಕಾಯಿಲೆಯವನ ಮನೆಗೆ ಕೊಡುವ ಸೂಚನೆಯನ್ನು ಆ ಮನೆಯ ಭಾಷೆಯಲ್ಲಿ ಬರೆದುಕೊಡದ ಪದ್ಧತಿಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆದರೆ ಆ ಸಿಟ್ಟಿನಿಂದ ನನ್ನ ಪಾಲು ಕಡಿಮೆಯಾಗುವುದಿಲ್ಲ.

ಎರಡನೆಯ ಆಸ್ಪತ್ರೆಯಲ್ಲಿ ಗುರುಗಳ ಹಾಸಿಗೆಯ ಬಳಿಗೆ ಒಬ್ಬ ಯುವತಿ ಬಂದರು. ವಾಕ್ ಮತ್ತು ಶ್ರವಣ ಚಿಕಿತ್ಸೆ ಕಲಿತವರು. ಮಾತಿನ ಚಿಕಿತ್ಸೆಯವರಿಗೆ ಗಂಟಲಿನ ನೀರಿನೊಂದಿಗೆ ಏನು ಕೆಲಸ ಎಂದು ಕೇಳಿಯೇಬಿಟ್ಟೆ. ಆಕೆ ನಕ್ಕು, ನಿಮ್ಮ ಕುತ್ತಿಗೆಯ ಗಂಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ ಎಂದರು. ಗಂಟು ಮೇಲಕ್ಕೆ ಜಿಗಿದು ಇಳಿಯಿತು. ಅದೇ ಧ್ವನಿಪೆಟ್ಟಿಗೆ. ಬಾಯಲ್ಲಿ ಅಗಿಯುವುದು, ಹಿಂದಕ್ಕೆ ತಳ್ಳುವುದು ನಮ್ಮ ಇಚ್ಛೆಯ ಕೆಲಸ. ತುತ್ತು ಗಂಟಲಿಗೆ ಬಂದ ಮೇಲೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲವೂ ತಾನಾಗಿ ನಡೆಯುತ್ತದೆ: ಧ್ವನಿಪೆಟ್ಟಿಗೆ ಮೇಲೇರುತ್ತದೆ, ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಒಂದನ್ನೊಂದು ಒತ್ತಿ ಬಾಗಿಲು ಹಾಕುತ್ತವೆ, ಉಸಿರು ಕ್ಷಣ ನಿಲ್ಲುತ್ತದೆ, ತುತ್ತು ಅನ್ನನಾಳಕ್ಕೆ ಜಾರುತ್ತದೆ. ಮಾತಿಗೆ ನಾದ ಕೊಡುವ ತಂತುಗಳೇ ಉಸಿರಿನ ದಾರಿಯ ಕಾವಲುಗಾರರು. ಪಾರ್ಶ್ವವಾಯುವಾದ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ಈ ಕಾವಲು ತಡವಾಗುತ್ತದೆ. ಗಟ್ಟಿಯಾದ ಅಂಬಲಿ ನಿಧಾನ ಹರಿಯುವುದರಿಂದ ಅದಕ್ಕೆ ಕಾಯುವ ವೇಳೆ ಇರುತ್ತದೆ. ನೀರು ಬಾಗಿಲು ಮುಚ್ಚುವ ಮೊದಲೇ ಓಡಿಬಿಡುತ್ತದೆ. ತಲೆ ಹಿಂದಕ್ಕೆ ಬಾಗಿಸಿದರಂತೂ ಇನ್ನೂ ಬೇಗ. ಗೊರಗೊರ ಧ್ವನಿ ಎಂದರೆ ಧ್ವನಿತಂತುಗಳ ಮೇಲೆ ನೀರು ನಿಂತಿದೆ ಎಂದು ಅರ್ಥ. ಕೆಮ್ಮು ಬಂದರೆ ಶರೀರ ಎಚ್ಚರದಿಂದಿದೆ ಎಂದಾದರೂ ತಿಳಿಯಬಹುದು. ಕೆಲವರಿಗೆ ಒಂದು ಕೆಮ್ಮೂ ಇಲ್ಲದೆ ಒಳಗೆ ಇಳಿಯುತ್ತದೆ, ಅದು ಹೆಚ್ಚು ಅಪಾಯ. ಬೇರಿಯಂ ಬೆರೆಸಿದ ತುತ್ತು ಕೊಟ್ಟು ಎಕ್ಸ್‌ರೇ ಚಲನಚಿತ್ರದಲ್ಲಿ ಅದು ಇಳಿಯುವ ದಾರಿ ನೋಡಿದರೆ ಅದು ಖಚಿತವಾಗುತ್ತದೆ. ಗುರುಗಳಿಗೂ ಆ ಪರೀಕ್ಷೆ ಮಾಡಿದರು. ತೆರೆಯ ಮೇಲೆ ಕಪ್ಪು ಗೆರೆಯೊಂದು ತಪ್ಪು ದಾರಿ ಹಿಡಿಯುವುದನ್ನು ನಾನು ನಿಂತು ನೋಡಿದೆ. ನನ್ನ ತಂಬಿಗೆಯ ನೀರು ಹೋದ ದಾರಿ ಅದು.

ಮನೆಗೆ ಬಂದ ಮೇಲೆ ಗಂಜಿಯ ಪ್ರಶ್ನೆ ಎದ್ದಿತು. ಆ ಸೀಮೆಯಲ್ಲಿ ಕಾಯಿಲೆಯವರಿಗೆ ಕುಚ್ಚಲಕ್ಕಿ ಗಂಜಿಗಿಂತ ಹಗುರ ಬೇರೆ ಇಲ್ಲ. ಆದರೆ ತಿಳಿಯೊಳಗೆ ಅಗುಳು ತೇಲುವ ಗಂಜಿ ನುಂಗುವ ತೊಂದರೆಯವರಿಗೆ ಬಹು ಕಷ್ಟದ ಆಹಾರ. ಬಾಯಿ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿರುತ್ತದೆ. ಅಮ್ಮನಿಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಐವತ್ತು ವರ್ಷ ಗಂಜಿ ಬಡಿಸಿದ ಕೈಗೆ ಗಂಜಿಯೇ ವಿಷವೆಂದರೆ ಹೇಗೆ? ಚಿಕಿತ್ಸಕಿ ಗಂಜಿ ಬೇಡ ಎನ್ನಲಿಲ್ಲ. ಅದೇ ಗಂಜಿಯನ್ನು ನುಣ್ಣಗೆ ರುಬ್ಬಿ, ಚಮಚ ಓರೆ ಮಾಡಿದರೆ ಹರಿಯದೆ ಜಾರುವಷ್ಟು ಗಟ್ಟಿ ಇಟ್ಟುಕೊಳ್ಳಿ ಎಂದರು. ರಾಗಿ ಮಣ್ಣಿ, ಕಿವುಚಿದ ಬಾಳೆಹಣ್ಣು, ಗಟ್ಟಿ ಮೊಸರು ಆಗಬಹುದು. ಬೆನ್ನು ನೆಟ್ಟಗೆ ಕೂರಿಸಬೇಕು, ಗಲ್ಲ ಸ್ವಲ್ಪ ಎದೆಯ ಕಡೆಗೆ. ಗಲ್ಲ ಬಾಗಿಸುವುದು ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ, ಇವರಿಗೆ ಪರೀಕ್ಷೆಯಲ್ಲಿ ಹೊಂದಿದ್ದರಿಂದ ಹೇಳುತ್ತಿದ್ದೇನೆ ಎಂದು ಒತ್ತಿ ಹೇಳಿದರು. ಅರ್ಧ ಚಮಚ, ನುಂಗಿದ್ದು ಖಚಿತವಾದ ಮೇಲೆ ಮತ್ತೊಂದು. ಊಟದ ವೇಳೆ ಟಿ.ವಿ. ಇಲ್ಲ, ಮಾತಿಲ್ಲ. ಉಂಡು ಅರ್ಧ ಗಂಟೆ ಮಲಗಿಸುವಂತಿಲ್ಲ. ಹಲ್ಲು, ನಾಲಿಗೆ ದಿನಕ್ಕೆ ಎರಡು ಮೂರು ಸಲ ಶುಚಿಯಾಗಬೇಕು; ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದರೆ ಸೋಂಕು ಹೆಚ್ಚು. ಈ ಬಾರಿ ನಾನು ಇವೆಲ್ಲವನ್ನೂ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನಾನು ಬರೆದ ಎಲ್ಲ ವ್ಯಾಖ್ಯಾನಗಳಿಗಿಂತ ಹೆಚ್ಚು ಸಲ ಓದಲ್ಪಟ್ಟ ಬರಹ ಅದೇ ಇರಬೇಕು.

ಇನ್ನು ಮಾತು. ಬಾಯಿಂದ ಬಾರದಿದ್ದರೆ ಬರೆದು ತೋರಿಸಲಿ ಎಂದು ನಾನು ಉಪ್ಪಿನಂಗಡಿಯಿಂದ ಸ್ಲೇಟು ಬಳಪ ತಂದೆ. ಎಡಗೈಗೆ ಬಳಪ ಕೊಟ್ಟೆ. ಗುರುಗಳು ಬಹಳ ಹೊತ್ತು ಸ್ಲೇಟು ನೋಡಿದರು. ಒಂದು ವಕ್ರ ಗೆರೆ ಎಳೆದರು, ಅಳಿಸಿದರು, ಸ್ಲೇಟನ್ನು ಬೋರಲು ಹಾಕಿದರು. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವರು. ಈ ಸ್ಥಿತಿಗೆ ಅಫೇಸಿಯಾ ಎನ್ನುತ್ತಾರೆ. ಹಾಳಾಗಿರುವುದು ನಾಲಿಗೆಯಲ್ಲ, ಮಿದುಳಿನಲ್ಲಿ ಭಾಷೆಯನ್ನು ಕೂಡಿಸಿಕೊಡುವ ಏರ್ಪಾಡು. ಆದ್ದರಿಂದ ಮಾತಿನ ಜೊತೆಗೆ ಬರಹವೂ ಕೆಡುತ್ತದೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಇದನ್ನು ಜಗತ್ತಿಗೆ ತೋರಿಸಿಕೊಟ್ಟ. ಅವನ ರೋಗಿ ಬಹಳ ವರ್ಷಗಳಿಂದ 'ತಾನ್' ಎಂಬ ಒಂದೇ ಸದ್ದನ್ನು ಆಡುತ್ತಿದ್ದವನು. ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿದಾಗ ಎಡ ಮುಂಭಾಗದಲ್ಲಿ ಗಾಯ ಕಂಡಿತು.

ನಮ್ಮ ಗುರುಗಳಿಗೂ ಹೇಳಿದ್ದು ತಿಳಿಯುತ್ತಿತ್ತು. ಉದ್ದದ, ಸುತ್ತಿ ಬಳಸಿದ ವಾಕ್ಯಗಳು ತಪ್ಪಿಹೋಗುತ್ತಿದ್ದವು ನಿಜ, ಸರಳವಾದದ್ದು ತಿಳಿಯುತ್ತಿತ್ತು. ಆದರೂ ನೋಡಲು ಬಂದವರು ಅವರೆದುರಿಗೇ "ಮಾಷ್ಟ್ರಿಗೆ ಬುದ್ಧಿಯೂ ಹೋಯಿತಲ್ಲ" ಎನ್ನುತ್ತಿದ್ದರು. ಕೆಲವರು ಕಿವುಡರ ಜೊತೆ ಕೂಗಿದಂತೆ ಕೂಗುತ್ತಿದ್ದರು. ಗುರುಗಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ಹಾಗಾದರೆ ಆ ವಚನ ಹೇಗೆ ಬಂತು? ಚಿಕಿತ್ಸಕಿಯನ್ನು ನಾನು ಹೆಮ್ಮೆಯಿಂದಲೇ ಕೇಳಿದೆ. ಆಕೆಯ ಉತ್ತರ ನನ್ನ ಹೆಮ್ಮೆಯನ್ನು ಇಳಿಸಿತು. ಒಂದು ಎರಡು ಎಣಿಸುವುದು, ವಾರಗಳ ಹೆಸರು, ಪ್ರಾರ್ಥನೆ, ಹಾಡು, ಬೈಗುಳ ಇವು ಅಫೇಸಿಯಾದಲ್ಲಿಯೂ ಉಳಿದಿರುವುದುಂಟು. ಸಾವಿರ ಸಲ ಹೇಳಿ ಒಂದೇ ಸರಪಣಿಯಾದ ಮಾತುಗಳವು. ಮೊದಲ ಕೊಂಡಿ ಎಳೆದರೆ ಉಳಿದವು ತಾವಾಗಿ ಬರುತ್ತವೆ. ಹೇಳಬೇಕೆಂದುಕೊಂಡದ್ದನ್ನು ಹುಡುಕಿ ಪದ ಕೂಡಿಸಿ ಹೇಳುವುದು ಬೇರೆಯ ಕೆಲಸ. ಮಾತೆಂದರೆ ಅದು. ಶರಣಬಂಧುಗಳೇ, ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೇದಿಕೆಯ ಮೇಲೆ ನಾನು ನುಡಿಯುವುದರಲ್ಲಿ ಎಷ್ಟು ಭಾಗ ಸರಪಣಿ, ಎಷ್ಟು ಭಾಗ ಮಾತು ಎಂದು ಎಣಿಸುತ್ತ ಮಲಗಿದ್ದೆ.

ಹಾಗೆಂದು ಆಕೆ ವಚನವನ್ನು ಬಿಸಾಡಲಿಲ್ಲ. ರಾಗಲಯಗಳ ಆಸರೆಯಿಂದ ಮಾತು ಹೊರಡಿಸುವ ಕ್ರಮವೊಂದನ್ನು 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರೂಪಿಸಿದರಂತೆ. ಎಡಗೈಯಿಂದ ತಾಳ ತಟ್ಟಿಸುತ್ತ, ದಿನಬಳಕೆಯ ಸಣ್ಣ ಮಾತನ್ನು ಧಾಟಿಯಲ್ಲಿ ಹೇಳಿಸುತ್ತ, ಮೆಲ್ಲಗೆ ಧಾಟಿಯನ್ನು ಸಡಿಲಿಸುವುದು. ಗುರುಗಳ ಎಡಗೈ ಮಂಚದ ಅಂಚಿನ ಮೇಲೆ ತಾಳ ಹಾಕತೊಡಗಿತು. ಅದೇ ತಾಳ! ವಚನದ ಧಾಟಿಯಲ್ಲಿ 'ನೀರು ಕೊಡು', 'ಸಾಕು', 'ಕೂರಿಸು'. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗುವುದು, ಉಳಿದ ದಿನ ಅಂಗಳದಂಚಿನಲ್ಲಿ ಕುರ್ಚಿ ಹಾಕಿ ವಿಡಿಯೊ ಕರೆಯ ಪಾಠ. ಮಳೆ ಬಂದರೆ ಸೊಸೆ ಕೊಡೆ ಹಿಡಿಯಬೇಕು.

ಎರಡು ತಿಂಗಳು ಏನೂ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಒಂದು ಬೆಳಿಗ್ಗೆ ಅಮ್ಮ ರಾಗಿ ಮಣ್ಣಿಯ ಚಮಚ ಮುಂದಿಟ್ಟಾಗ ಗುರುಗಳು ತಲೆ ತಿರುಗಿಸಿ ಸ್ಪಷ್ಟವಾಗಿ "ಬೊಡ್ಚಿ" ಎಂದರಂತೆ. ತುಳುವಿನಲ್ಲಿ ಬೇಡ ಎಂದರ್ಥ. ಯಾರೂ ಹೇಳಿಕೊಡದ, ಯಾವ ಧಾಟಿಯೂ ಇಲ್ಲದ, ಅವರದೇ ಇಚ್ಛೆಯ ಮೊದಲ ಮಾತು. ಅದನ್ನು ಕೇಳಿ ಚಿಕಿತ್ಸಕಿ ನಾವು ಇಷ್ಟು ದಿನ ತಪ್ಪು ಭಾಷೆಯ ಬಾಗಿಲು ತಟ್ಟಿದೆವೇನೋ ಎಂದು ತಾವೇ ಒಪ್ಪಿಕೊಂಡರು. ಮೇಷ್ಟ್ರೆಂದು, ಕನ್ನಡದವರೆಂದು ನಾವೆಲ್ಲ ಕನ್ನಡದಲ್ಲೇ ಪಾಠ ಮಾಡಿದ್ದೆವು. ಆಕೆಯೂ ತುಳು ಬಲ್ಲವರು. ಅಂದಿನಿಂದ ಬೋಡು, ಬೊಡ್ಚಿ, ಅಂದ್, ಇಜ್ಜಿ ಎಂಬ ನಾಲ್ಕು ಪದಗಳ ಸುತ್ತ ಕೆಲಸ ಸಾಗಿತು. ಕನ್ನಡ ಅದರ ಬೆನ್ನ ಹಿಂದೆ ಬಂತು. ಎರಡು ಭಾಷೆ ಬಲ್ಲವರಲ್ಲಿ ಯಾವುದು ಮೊದಲು ಮರಳುವುದೆಂಬುದಕ್ಕೆ ಕಟ್ಟುನಿಟ್ಟಿನ ನಿಯಮವಿಲ್ಲವಂತೆ. ಕನ್ನಡದ ಮೇಷ್ಟ್ರು ಕನ್ನಡ ಬಿಟ್ಟು ತುಳುವಿನಲ್ಲಿ ಮಾತಿಗೆ ತೊಡಗಿದ್ದು ನನಗೆ ಒಳಗೊಳಗೇ ಸ್ವಲ್ಪ ನೋವು ತಂದಿತ್ತು ಎಂಬುದನ್ನೂ ಮುಚ್ಚಿಡಲಾರೆ. ಆ ನೋವು ಅವರದಲ್ಲ, ನನ್ನದು.

ಇನ್ನೊಂದು ಸಂಗತಿ ಯಾರೂ ಊಹಿಸಿರಲಿಲ್ಲ. ಗುರುಗಳು ಆಡಿದ ಮಾತು ಸೊಸೆಗೆ ಕೇಳುತ್ತಿತ್ತು, ಅಮ್ಮನಿಗೆ ಕೇಳುತ್ತಿರಲಿಲ್ಲ. ದಿನವಿಡೀ ಬಳಿಯಲ್ಲಿರುವವರು ಅಮ್ಮ. "ಎಂತ? ಎಂತ?" ಎಂದು ಮೂರು ಸಲ ಕೇಳಿದರೆ ಗುರುಗಳು ಸುಮ್ಮನಾಗಿಬಿಡುತ್ತಿದ್ದರು. ಚಿಕಿತ್ಸಕಿ ಅಮ್ಮನನ್ನೇ ಪರೀಕ್ಷೆಗೆ ಕೂರಿಸಿದರು. ಎರಡೂ ಕಿವಿಗಳಲ್ಲಿ ಮೇಲಿನ ಶ್ರುತಿಯ ಸದ್ದುಗಳು ಕುಂದಿದ್ದವು. ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ವ್ಯಂಜನಗಳು ಬಿಡಿಸಿ ಕೇಳಿಸುವುದಿಲ್ಲ. ಕೂಗಿದರೆ ಸ್ವರ ದೊಡ್ಡದಾಗುತ್ತದೆ ಹೊರತು ವ್ಯಂಜನ ತಿಳಿಯಾಗುವುದಿಲ್ಲ. ಮಗ ಕೊಡಿಸಿದ್ದ ಶ್ರವಣಯಂತ್ರ ಕಪಾಟಿನಲ್ಲಿತ್ತು. ಕೀ ಎಂದು ಸಿಳ್ಳೆ ಹೊಡೆಯುತ್ತದೆಂದು ತೆಗೆದಿಟ್ಟಿದ್ದರು. ಕಿವಿಯ ಅಚ್ಚು ಸಡಿಲವಾಗಿದ್ದರಿಂದ ಆ ಸಿಳ್ಳೆ. ಹೊಸ ಅಚ್ಚು ತೆಗೆಸಿದರು. ಮೊದಲ ವಾರ ಪಾತ್ರೆಯ ಸದ್ದು, ಹಂಚಿನ ಮೇಲಿನ ಮಳೆ ಎಲ್ಲವೂ ತಲೆ ಒಡೆಯುವಂತೆ ಕೇಳಿದರೂ ದಿನಕ್ಕೆ ಇಷ್ಟು ಹೊತ್ತೆಂದು ಹಾಕಿಕೊಂಡು ಅಭ್ಯಾಸ ಮಾಡಬೇಕೆಂದರು. ಕರಾವಳಿಯ ತೇವಕ್ಕೆ ಯಂತ್ರ ಬೇಗ ಕೆಡುತ್ತದೆ, ರಾತ್ರಿ ತೇವ ಹೀರುವ ಹರಳಿನ ಡಬ್ಬಿಯಲ್ಲಿಡಬೇಕು. ಗುಂಡಿಯಂಥ ಆ ಬ್ಯಾಟರಿಯ ಬೆನ್ನಿನ ಚೀಟಿ ಕಿತ್ತ ಕೂಡಲೇ ಹಾಕದೆ ತುಸು ಗಾಳಿಗಿಡಬೇಕು, ಅದು ಗಾಳಿ ಕುಡಿದು ಕೆಲಸ ಮಾಡುವಂಥದು. ಅಮ್ಮ ಈಗ ಇದನ್ನೆಲ್ಲ ನೆರೆಯವರಿಗೆ ಹೇಳಿಕೊಡುತ್ತಾರೆ.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ, ಇಡೀ ದೇಶಕ್ಕೆ ತಜ್ಞರನ್ನು ಕೊಟ್ಟಿದೆ. ಸುತ್ತೂರು ಮಠದ ಆಶ್ರಯದ ಜೆಎಸ್‌ಎಸ್ ಮಹಾವಿದ್ಯಾಪೀಠವು ಮೈಸೂರಿನಲ್ಲೂ ಧಾರವಾಡದಲ್ಲೂ ಇದೇ ವಿದ್ಯೆಯ ಸಂಸ್ಥೆಗಳನ್ನು ನಡೆಸುತ್ತಿದೆ. ಮಂಗಳೂರಿನಲ್ಲಿ ಕಲಿಸುವ ಕಾಲೇಜುಗಳು ಹಲವು. ಮಾನ್ಯತೆ ಪಡೆದ ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಕೇಳಿ ತಿಳಿದುಕೊಳ್ಳಬಹುದು. ಆದರೆ ರಾಮಕುಂಜದಂಥ ಊರಿನಿಂದ ಅರೆ ಪಾರ್ಶ್ವ ಸೋತವರನ್ನು ಕಾರಿನಲ್ಲಿ ಕೂರಿಸಿ ಮಂಗಳೂರಿಗೆ ಒಯ್ದು ತರುವುದೆಂದರೆ ಒಂದು ದಿನ, ಒಬ್ಬರ ಕೂಲಿ. ನಮ್ಮ ಮಠಗಳಲ್ಲಿ ಕಣ್ಣಿನ ಶಿಬಿರ ನಡೆಯುತ್ತವೆ, ಹಲ್ಲಿನ ಶಿಬಿರ ನಡೆಯುತ್ತವೆ. ನುಂಗಲಾಗದವರಿಗೆ ತುತ್ತು ಕೊಡುವುದು ಹೇಗೆಂದು ಮನೆಯವರಿಗೆ ಕಲಿಸುವ ಒಂದು ದಿನದ ಶಿಬಿರವನ್ನು ನಾನಂತೂ ನೋಡಿಲ್ಲ. ನಿತ್ಯ ದಾಸೋಹ ನಡೆಸುವವರು ನಾವು. ಪೂಜ್ಯರಲ್ಲಿ ಈ ವಿಷಯ ಅರಿಕೆ ಮಾಡಿಕೊಂಡಿದ್ದೇನೆ.

ಕಳೆದ ಸಲ ಹೋದಾಗ ಗುರುಗಳು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಲೋಟವನ್ನು ತುಟಿಗೆ ಹಚ್ಚಿ ನೀರು ಕುಡಿಯುತ್ತಿದ್ದರು. ಒಂದು ಗುಟುಕು, ನಿಲುಗಡೆ, ಮತ್ತೊಂದು. ಮರುಪರೀಕ್ಷೆಯ ನಂತರ ನೀರಿಗೆ ಅನುಮತಿ ಸಿಕ್ಕಿತ್ತು. ನಾನು ಮಾತ್ರ ಲೋಟ ಮುಟ್ಟಲಿಲ್ಲ. ಮಾತು ಪೂರ್ತಿ ಬಂದಿಲ್ಲ, ಬರುವುದೆಂದು ಯಾರೂ ಭರವಸೆ ಕೊಟ್ಟಿಲ್ಲ. ಎರಡು ಪದ, ಹೆಚ್ಚೆಂದರೆ ಮೂರು. ಸ್ಲೇಟು ಈಗಲೂ ಬೋರಲು.

ಮಧ್ಯಾಹ್ನ ನಾನು ಚೀಲ ಹೆಗಲಿಗೆ ಹಾಕಿಕೊಂಡು ಕಾಲಿಗೆರಗಿದೆ. ಗುರುಗಳು ಎಡಗೈ ಎತ್ತಿದರು. "ಬಸ್ಸು..." ಎಂದು ನಿಲ್ಲಿಸಿದರು. ಮುಂದಿನ ಪದ ಸಿಗುತ್ತಿಲ್ಲ. ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದಾರೆಂದು ನಾನು ಊಹಿಸಿ, "ಎರಡೂವರೆಗೆ, ಗುರುಗಳೇ" ಎನ್ನಲು ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಡಿದರು. ಅವರು ಹುಡುಕುತ್ತಿರುವಾಗ ನಾವು ತುಂಬಿಕೊಡಬಾರದು ಎಂಬುದು ಅಡುಗೆಮನೆಯ ಗೋಡೆಯ ಮೇಲೆ ನಾನೇ ಬರೆದ ಕೊನೆಯ ಸಾಲು. ನಾವು ಇಬ್ಬರೂ ನಿಂತೆವು. ಅಡಕೆ ಮರದಿಂದ ಸೋಗೆಯೊಂದು ಬಿದ್ದ ಸದ್ದಾಯಿತು. ಅಮ್ಮ ಆ ಕಡೆ ತಿರುಗಿ ನೋಡಿದರು. ಗುರುಗಳ ಬೆರಳು ಕುರ್ಚಿಯ ಕೈಯ ಮೇಲೆ ಎರಡು ಸಲ ತಟ್ಟಿತು.

"ಬಸ್ಸು... ನಾಳೆ," ಎಂದರು. ಆಮೇಲೆ, ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಮಾರಾಯ."

ಚೀಲ ಇಳಿಸಿದೆ. ಅಮ್ಮ ಊಟಕ್ಕೆ ಎಲೆ ಹಾಕಲು ಒಳಗೆ ಹೋದರು.